ಸಂಧಿವಾತದ ನೆಂಟರು

ನನ್ನ ಹೆಂಡತಿಗೆ ಕಾಯಿಲೆ ಬಂದಿದ್ದಕ್ಕೆ ನಾನು ಅಷ್ಟಾಗಿ ಹೆದರಲಿಲ್ಲ. ಆ ಕಾಯಿಲೆ ತನ್ನ ನೆಂಟರಿಷ್ಟರನ್ನೂ ಕರೆದುಕೊಂಡು ಬರುತ್ತದೆ ಎಂದು ತಿಳಿದ ದಿನದಿಂದ ಮಾತ್ರ ನನ್ನ ಜೀವ ನನ್ನ ಕೈಯಲ್ಲಿಲ್ಲ. ಹೀಗೆ ಹೇಳುತ್ತಿರುವವನು ಸಾಮಾನ್ಯ ಆಸಾಮಿಯಲ್ಲ ಎಂಬುದು ನಿಮ್ಮ ಗಮನದಲ್ಲಿರಲಿ. ನಾನು ರೇಣುಕಪ್ರಸಾದ್, ನ್ಯಾಮತಿಯ ಹೈಸ್ಕೂಲೊಂದರ ಪಿ.ಟಿ. ಮಾಸ್ತರ. ನಾನು ಸೀಟಿ ಊದಿದರೆ ಮೈದಾನದ ಅಂಚಿನಲ್ಲಿ ಮೇಯುವ ಎಮ್ಮೆಗಳೂ ಸಾಲು ಹಿಡಿದು ನಿಲ್ಲುತ್ತವೆ ಎಂಬ ಪ್ರತೀತಿ ಊರಲ್ಲಿದೆ (ಹಬ್ಬಿಸಿದವನು ನಾನೇ, ಆದರೂ ಇದೆ). ಅಂಥ ನಾನು ಹೆದರಿ ಹೆದರಿ ಹೈರಾಣಾದ ಕಥೆ ಇದು. ನಗುವವರು ನಗಬಹುದು, ನಮ್ಮ ಮನೆಯಲ್ಲಂತೂ ಈಗಾಗಲೇ ನಕ್ಕು ಮುಗಿಸಿದ್ದಾರೆ.

ಶಾಂತಲಾಳಿಗೆ ಮೊದಲು ಬೆರಳಿನ ಗೆಣ್ಣುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಕೈ ಮಡಚಲು ಬಾರದು, ಮಡಚಿದರೆ ಬಿಚ್ಚಲು ಬಾರದು. ಅವಳು ಜಗಳೂರು ಕಡೆಯ ಹೆಣ್ಣು. ಅವಳು ರೊಟ್ಟಿ ತಟ್ಟಿದರೆ ಓಣಿಯ ಆ ತುದಿಗೆ ಸದ್ದು ಕೇಳಬೇಕು. ಆ ಸದ್ದು ನಿಂತುಹೋಯಿತು. ದೈಹಿಕ ಶಿಕ್ಷಣದಲ್ಲಿ ನಾನು ಪಂಡಿತನಲ್ಲವೇ, ಕೂಡಲೇ ಚಿಕಿತ್ಸೆ ಕೈಗೆತ್ತಿಕೊಂಡೆ.

"ನಾನು ಒಂದು ಅಂದ್ರೆ ಮುಷ್ಟಿ ಕಟ್ಟಬೇಕು, ಎರಡು ಅಂದ್ರೆ ಬಿಚ್ಚಬೇಕು. ರೆಡಿ? ಒಂದ್!"

"ಮುಷ್ಟಿ ಕಟ್ಟಾಕೆ ಬಂದಿದ್ರೆ ಮೊದಲು ನಿಮ್ಮ ಬೆನ್ನಿಗೆ ಒಂದು ಗುದ್ದತಿದ್ದೆ ಕಣ್ರೀ. ಆಗ್ತಿಲ್ಲ ಅಂತಾನೇ ಹೇಳ್ತಿರೋದು," ಎಂದಳು.

ಮರುದಿನ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾಗದೆ ಅಡುಗೆಮನೆಯಲ್ಲಿ ಕೂತು ಸುಮ್ಮನೆ ಅಳುತ್ತಿದ್ದಳು. ಶಾಂತಲಾ ಅತ್ತರೆ ನನಗೆ ಕೈಕಾಲು ಆಡುವುದಿಲ್ಲ. ಅವಳನ್ನು ಬಸ್ಸು ಹತ್ತಿಸಿ ಹೊನ್ನಾಳಿಗೆ ಕರೆದುಕೊಂಡು ಹೋದೆ. ದಾವಣಗೆರೆಯಿಂದ ಪ್ರತಿ ಸೋಮವಾರ ಅಲ್ಲಿನ ಒಂದು ನರ್ಸಿಂಗ್ ಹೋಮಿಗೆ ಕೀಲುಗಳ ಡಾಕ್ಟರಮ್ಮ ಬರುತ್ತಾರೆ. ರಕ್ತ ಪರೀಕ್ಷೆಯೆಲ್ಲ ಆದ ಮೇಲೆ ಆ ಡಾಕ್ಟರಮ್ಮ ನಗುನಗುತ್ತಲೇ ಹೇಳಿದರು:

"ಇದು ರುಮಟಾಯ್ಡ್, ಸಂಧಿವಾತ. ಮಾತ್ರೆ ಸರಿಯಾಗಿ ತಗೊಂಡ್ರೆ ಹಿಡಿತದಲ್ಲಿರುತ್ತೆ. ಆದ್ರೆ ಮಾಸ್ತರೇ, ಇದು ಒಂಟಿಯಾಗಿ ಬರೋದು ಕಡಿಮೆ. ಕೆಲವರಿಗೆ ಜೊತೆಗೆ ಹೃದಯದ ತೊಂದರೆ, ಶ್ವಾಸಕೋಶದ್ದು, ಮೂಳೆ ಸವೆಯೋದು, ಕಣ್ಣು ಒಣಗೋದು, ಬಿ.ಪಿ., ಶುಗರ್ ಇವೂ ಸೇರ್ಕೊಳ್ತವೆ. ಹೆದರ್ಕೋಬೇಡಿ. ಒಂದು ಕಣ್ಣಿಟ್ಟಿರಿ, ಅಷ್ಟೇ."

ಇಷ್ಟು ಹೇಳಿ "ಹೆದರ್ಕೋಬೇಡಿ" ಎನ್ನುವುದು ಯಾವ ನ್ಯಾಯ ನೀವೇ ಹೇಳಿ. ಆ ಪಟ್ಟಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ. ಹೃದಯ! ಮಿಕ್ಕಿದ್ದೆಲ್ಲ ಗಾಳಿಯಲ್ಲಿ ಹೋಯಿತು. ಶಾಂತಲಾಳ ಎದೆ ಯಾವಾಗ ನಿಂತೀತೋ ಎಂಬ ಭಯ ಆ ಕುರ್ಚಿಯಲ್ಲಿ ಕೂತಾಗಲೇ ನನ್ನ ಹೊಟ್ಟೆಯೊಳಗೆ ಹೊಕ್ಕು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ಮಗಳು ಚೈತ್ರಾ ಮದುವೆಯಾಗಿ ತನ್ನ ಸಂಸಾರ ನೋಡಿಕೊಂಡಿದ್ದಾಳೆ. ಮನೆಯಲ್ಲಿ ಇರುವವರು ನಾವಿಬ್ಬರೇ. ಇವಳು ಹೋದರೆ ನನಗೆ ಈ ಲೋಕದಲ್ಲಿ ಬೈಯುವವರು ಯಾರಿದ್ದಾರೆ?

ಡಾಕ್ಟರಮ್ಮ ಒಂದು ಹಳದಿ ಮಾತ್ರೆ ಬರೆದುಕೊಟ್ಟರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. "ಅಪ್ಪಿತಪ್ಪಿ ದಿನಾ ನುಂಗಿದ್ರೆ ಪ್ರಾಣಕ್ಕೇ ಅಪಾಯ. ಮರೀಬಾರದು. ನಿಮಗೆ ಅನುಕೂಲ ಆಗೋ ಒಂದು ವಾರ ಗೊತ್ತು ಮಾಡ್ಕೊಳ್ಳಿ," ಎಂದರು. ಇಲ್ಲಿ ನನ್ನ ಬುದ್ಧಿ ಮಿಂಚಿತು.

"ಸೋಮವಾರ!" ಎಂದೆ. "ಶಿವನ ವಾರ. ನಮ್ಮ ಮನೇಲಿ ದೀಪಾವಳಿ ಮರೆತೇವು, ಸೋಮವಾರ ಮರೆಯಲ್ಲ. ಮಾತ್ರೆ ಪೊಟ್ಟಣಾನ ದೇವರ ಜಗಲಿ ಮೇಲೆ ವಿಭೂತಿ ಪಕ್ಕ ಇಟ್ಟುಬಿಡೋಣ. ಪೂಜೆಗೆ ಕೂತಾಗ ಕಣ್ಣಿಗೆ ಬಿದ್ದೇ ಬೀಳುತ್ತೆ."

ಡಾಕ್ಟರಮ್ಮ "ಒಳ್ಳೇ ಐಡಿಯಾ" ಎಂದರು. ಶಾಂತಲಾ ಕೂಡ ಮೊದಲ ಬಾರಿಗೆ ನನ್ನತ್ತ ಮೆಚ್ಚುಗೆಯಿಂದ ನೋಡಿದಳು. ನಾನು ಬಸ್ಸಿನಲ್ಲಿ ನ್ಯಾಮತಿ ಮುಟ್ಟುವವರೆಗೂ ಆ ಐಡಿಯಾದ ಬಗ್ಗೆಯೇ ಮಾತಾಡಿದೆ.

ಕಾಯಿಲೆ ಮನೆಗೆ ಬಂದರೆ ನೋಡಲು ಜನ ಬರುವುದು ನಮ್ಮ ಕಡೆಯ ಪದ್ಧತಿ. ಬರುವಾಗ ಒಂದು ಬ್ರೆಡ್ಡು, ಎರಡು ಬಿಸ್ಕತ್ ಪೊಟ್ಟಣ, ಮೂರು ಮೂಸಂಬಿ ತರಬೇಕು. ಹೋಗುವಾಗ ಇದೇ ಕಾಯಿಲೆಯಿಂದ ತೀರಿಕೊಂಡ ಒಬ್ಬರ ಕಥೆ ಹೇಳಿ ಹೋಗಬೇಕು. ಮೊದಲು ಬಂದವಳು ಚನ್ನಗಿರಿಯಲ್ಲಿರುವ ನನ್ನ ಅಕ್ಕ ನಿರ್ಮಲಮ್ಮ. ಬಾಗಿಲಲ್ಲೇ ಶಾಂತಲಾಳ ಕೈ ಹಿಡಿದು ಕಣ್ಣೀರು ತೆಗೆದಳು.

"ಅಯ್ಯೋ ನಮ್ಮವ್ವ, ನಮ್ಮ ಓಣಿಯಾಗೂ ಒಬ್ಬಾಕಿಗೆ ಹಿಂಗೇ ಆಗಿತ್ತು. ಕೈಬೆರಳು ಬಾತಿದ್ವು ಅಷ್ಟೇ. ಅಡಿಕೆ ಆರಿಸ್ಕೋತ ಕುಂತಿದ್ಲು, ಕುಂತಲ್ಲೇ ಹೋದ್ಲು. ಎದೆಗೆ ಇಳಿದಿತ್ತಂತೆ!"

"ಎದೆಗಾ?" ಎಂದೆ. ಅವಳು ತಂದ ಬಿಸ್ಕತ್ ಪೊಟ್ಟಣ ಒಡೆದು ಒಂದನ್ನು ಬಾಯಿಗೆ ಹಾಕಿಕೊಂಡೆ.

"ಹೂಂ ಕಣೋ ರೇಣುಕ. ಬೆರಳಿಂದ ಸೀದಾ ಎದೆಗೆ. ಮುಂಚೆ ಏನೂ ಗೊತ್ತಾಗಲ್ಲ. ಸುಸ್ತು ಅಂತಾರೆ, ಎದೆ ಉರಿ ಅಂತಾರೆ, ಅಷ್ಟರಾಗೆ ಮುಗಿದಿರ್ತೈತೆ."

"ಅತ್ತಿಗೆ, ಟೀ ಕುಡೀರಿ, ಆರಿ ಹೋಗ್ತೈತೆ," ಎಂದಳು ಶಾಂತಲಾ. ತನ್ನ ಸಾವಿನ ಸುದ್ದಿಗೆ ಅವಳ ಉತ್ತರ ಅಷ್ಟೇ.

ಅಕ್ಕ ಹೋದ ಮೇಲೆ ಜನ ಬರುತ್ತಲೇ ಇದ್ದರು. ಒಬ್ಬೊಬ್ಬರೂ ಸಂಧಿವಾತಕ್ಕೆ ಒಂದೊಂದು ನೆಂಟನನ್ನು ಗಂಟುಹಾಕಿ ಹೋದರು. ಶಾಂತಲಾಳಿಗೆ ಬಿಸ್ಕತ್ತಿನ ಸುದ್ದಿಯೇ ಬೇಡ. ನನಗೋ ಹೆದರಿಕೆಯಾದರೆ ಬಾಯಾಡಿಸಬೇಕು. ಹೀಗಾಗಿ ಕಾಯಿಲೆ ಅವಳದು, ಬ್ರೆಡ್ಡು ನನ್ನದು ಎಂಬ ವ್ಯವಸ್ಥೆ ತಾನಾಗಿಯೇ ಜಾರಿಗೆ ಬಂತು. ಸಂಜೆ ಶಾಲೆ ಬಿಟ್ಟೊಡನೆ ಮನೆಗೆ ಬರಲು ಭಯ, ಒಳಗೆ ಏನು ಕಾದಿದೆಯೋ ಎಂದು. ಆದ್ದರಿಂದ ದಾರಿಯಲ್ಲಿ ಮಂಡಕ್ಕಿ ಮಿರ್ಚಿಯ ಅಂಗಡಿಯಲ್ಲಿ ಕೂತು ಧೈರ್ಯ ತುಂಬಿಕೊಂಡು ಬರುತ್ತಿದ್ದೆ.

ಇನ್ನು ನನ್ನ ಕಾವಲಿನ ವಿಷಯ. ಡಾಕ್ಟರಮ್ಮ ಒಂದು ಕಣ್ಣು ಎಂದಿದ್ದರು, ನಾನು ಎರಡೂ ಇಟ್ಟೆ. ಶಾಂತಲಾ ಮಾಳಿಗೆ ಮೆಟ್ಟಿಲು ಹತ್ತುವಂತಿಲ್ಲ, ಶ್ವಾಸಕೋಶ! ಬಿರುಸಾಗಿ ನಡೆಯುವಂತಿಲ್ಲ, ಮೂಳೆ! ಟಿ.ವಿ. ನೋಡುವಂತಿಲ್ಲ, ಕಣ್ಣು! ಸಾರಿಗೆ ಉಪ್ಪು ಇಲ್ಲ, ಬಿ.ಪಿ.! ಭಾನುವಾರ ಮಧ್ಯಾಹ್ನ ಅವಳು ಒಂದಿಷ್ಟು ಅಡ್ಡಾದರೆ ನಾನು ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಮೂಗಿನ ಕೆಳಗೆ ಬೆರಳಿಡುತ್ತಿದ್ದೆ.

"ಏನ್ರೀ ಇದು?" ಎಂದು ಅವಳು ಕಣ್ಣು ಬಿಡದೆಯೇ ಕೇಳುತ್ತಿದ್ದಳು.

"ಸೊಳ್ಳೆ ಕೂತಿತ್ತು."

"ಸೊಳ್ಳೆ ಕಚ್ಚಿದ್ರೂ ಮಲಗಬಹುದು, ನಿಮ್ಮ ಬೆರಳು ಮಿರ್ಚಿ ವಾಸನೆ ಹೊಡೀತೈತೆ. ಅಲ್ರೀ, ನೀವು ಹೊತ್ತು ಮುಳುಗೋವಷ್ಟರಾಗೆ ಕೊಡಗಟ್ಟಲೆ ನೀರು ಕುಡೀತೀರಿ, ಮೈ ಇಳಿದು ಹೋಗೈತೆ. ಒಂದ್ಸಲ ನೀವೂ ತೋರಿಸ್ಕೊಂಡು ಬರಬಾರದಾ?"

"ನನಗೇನಾಗಿದೆ? ಪಿ.ಟಿ. ಮಾಸ್ತರು ನಾನು! ಪ್ಯಾಂಟು ಸಡಿಲ ಆಗಿದೆ ಅಂದ್ರೆ ಫಿಟ್ ಆಗಿದ್ದೀನಿ ಅಂತ ಅರ್ಥ. ನಿನ್ನ ಚಿಂತೇಲಿ ಬಾಯಿ ಒಣಗ್ತದೆ, ನೀರು ಕುಡೀತೀನಿ. ನೀನು ಗಟ್ಟಿಯಾಗಿದ್ರೆ ಸಾಕು ಮಾರಾಯ್ತಿ."

ಆಮೇಲೆ ಜಗಳೂರಿನಿಂದ ನಮ್ಮ ಅತ್ತೆ ಸಿದ್ದಲಿಂಗಮ್ಮನವರು ಶೇಂಗಾ ಚಟ್ನಿಪುಡಿಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಸ್ಸಿಳಿದರು. ವಿಚಿತ್ರವೆಂದರೆ, ಮಗಳನ್ನು ನೋಡಲು ಬಂದವರು ಮಗಳನ್ನು ಬಿಟ್ಟು ನನ್ನನ್ನೇ ನೋಡುತ್ತಾ ಕೂತರು. ನಾನು ನೀರು ಕುಡಿಯಲೆಂದು ಎದ್ದೆ, ನೋಡಿದರು. ಹಿತ್ತಲಿಗೆ ಹೋಗಿ ಬಂದೆ, ನೋಡಿದರು. ಮತ್ತೆ ಹೋಗಿ ಬಂದೆ, ಆಗಲೂ ನೋಡಿದರು. "ಅಳಿಯಂದ್ರು ಭಾಳ ಇಳಿದಾರೆ," ಎಂದು ಮಗಳಿಗೆ ಮೆಲ್ಲಗೆ ಹೇಳಿದರು. ತಾಯಿಮಗಳು ಅಡುಗೆಮನೆ ಸೇರಿ ಬಹಳ ಹೊತ್ತು ಗುಸುಗುಸು ಮಾಡಿದರು. ಶಾಂತಲಾಳ ಎದೆಯ ಸ್ಥಿತಿಯನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಆ ಖಾತ್ರಿಗೆ ಸಾಕ್ಷಿಯೂ ಬೇಗನೆ ಸಿಕ್ಕಿತು. ಅದರ ಮುಂದಿನ ಸೋಮವಾರ ನಾನು ಶಾಲೆಯಿಂದ ಬಂದಾಗ ಶಾಂತಲಾ ಗೋಡೆಗೆ ಒರಗಿ ಕೂತಿದ್ದಳು. ಮುಖ ಬಿಳುಚಿತ್ತು. "ಸುಸ್ತು," ಎಂದಳು. ಸುಸ್ತು! ಅಕ್ಕನ ಬಾಯಿಂದ ಬಂದಿದ್ದ ಮೊದಲ ಲಕ್ಷಣ! ಮಂಗಳವಾರ ಸರಿಹೋದಳು. ಮತ್ತೊಂದು ಸೋಮವಾರ ಬಂತು. "ಎದೆ ಉರೀತೈತೆ, ತಲೆ ತಿರುಗ್ತೈತೆ," ಎಂದಳು. ಮಂಗಳವಾರ ಮತ್ತೆ ಸರಿ. ಆಸ್ಪತ್ರೆಗೆ ನಡಿ ಎಂದರೆ "ನಾಳೆ ಸರಿಹೋಗ್ತೈತೆ ಬಿಡ್ರಿ" ಎನ್ನುವಳು, ಸರಿಯೂ ಹೋಗುವಳು. ನಾನು ನಮ್ಮ ಶಾಲೆಯ ವಿಜ್ಞಾನದ ಮಾಸ್ತರು ಓಬಣ್ಣನವರ ಹತ್ತಿರ ಗುಟ್ಟಾಗಿ ಕೇಳಿದೆ.

"ಸಾರ್, ಈ ಹೃದಯಕ್ಕೆ ವಾರ ಗೊತ್ತಾಗ್ತದಾ?"

"ಯಾಕೆ ಗೊತ್ತಾಗಲ್ಲ? ಹಾರ್ಟ್ ಅಟ್ಯಾಕು ಸೋಮವಾರಾನೇ ಜಾಸ್ತಿ ಅಂತ ಎಲ್ಲೋ ಮೊಬೈಲ್‌ನಾಗೆ ಓದಿದ್ದೆ ಕಣ್ರೀ," ಎಂದರು ಓಬಣ್ಣ, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ. ಅವರ ಪಾಲಿಗೆ ಅದೊಂದು ಸಾಮಾನ್ಯ ಜ್ಞಾನ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಸೋಮವಾರಕ್ಕೆ ಎಷ್ಟು ದಿನ ಎಂದು ಎಣಿಸಿದೆ.

ಅಲ್ಲಿಂದಾಚೆ ನನಗೆ ಸೋಮವಾರ ಎಂದರೆ ಯಮನ ವಾರ. ಭಾನುವಾರ ಮಧ್ಯಾಹ್ನದಿಂದಲೇ ಎದೆ ಡವಗುಟ್ಟಲು ಶುರು. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಸಾಮೂಹಿಕ ಕವಾಯತು ಇರುವುದರಿಂದ ನಾನು ಅವಳು ಪೂಜೆಗೆ ಕೂರುವ ಮೊದಲೇ ಮನೆ ಬಿಡಬೇಕು. ಬೆಳಗಿನ ಹೊತ್ತು ಅವಳ ಬೆರಳು ಬಿಚ್ಚುವುದು ನಿಧಾನ, ಪೂಜೆಯೂ ನಿಧಾನ. ಹೊಸ್ತಿಲಲ್ಲಿ ನಿಂತು "ಹೋಗಿ ಬರ್ತೀನಿ ಶಾಂತಲಾ" ಎಂದು ಎರಡೆರಡು ಸಲ ಹೇಳುತ್ತಿದ್ದೆ. ಅವಳು "ಮಿರ್ಚಿ ತಿನ್ನಬೇಡ್ರಿ" ಎನ್ನುತ್ತಿದ್ದಳು. ನಮ್ಮ ಕೊನೆಯ ಮಾತುಗಳು ಮಿರ್ಚಿಯ ಬಗ್ಗೆ ಆಗಿಬಿಟ್ಟರೆ ಏನು ಗತಿ ಎಂದು ನಾನು ದಾರಿಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಕವಾಯತಿನಲ್ಲಿ ನಾನು "ಸಾವಧಾನ್" ಎಂದು ಕೂಗಿ "ವಿಶ್ರಾಮ್" ಎನ್ನಲು ಮರೆತೆನಂತೆ. ಮಕ್ಕಳು ಬಿಸಿಲಲ್ಲಿ ಕಂಬಗಳಾಗಿ ನಿಂತಿದ್ದರು. ಹೆಡ್ಮಾಸ್ತರು ಬಂದು ಭುಜ ಅಲುಗಿಸಿದರು. ನನಗೆ ಇನ್ನು ತಡೆಯಲಾಗಲಿಲ್ಲ. ರಜೆಯನ್ನೂ ಹೇಳದೆ ಮನೆಗೆ ಓಡಿದೆ. ಓಡುವಾಗ ನನ್ನ ಕಾಲು ನನ್ನವೇ ಅಲ್ಲ ಎನಿಸಿತು, ಕಣ್ಣು ಮಬ್ಬಾಯಿತು. ಹೆದರಿಕೆಗೆ ಹೀಗೆಲ್ಲ ಆಗುತ್ತದೆ ಎಂದುಕೊಂಡೆ.

ಬಾಗಿಲು ತೆರೆದೇ ಇತ್ತು. ದೇವರ ಜಗಲಿಯ ಮುಂದೆ, ಉರಿಯುವ ದೀಪದ ಎದುರು, ಶಾಂತಲಾ ಎದೆಯ ಮೇಲೆ ಕೈಯಿಟ್ಟು ಮಲಗಿದ್ದಳು. ಹಣೆಯ ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು.

"ಶಾಂತಲಾ!"

"ಕೂಗಬೇಡ್ರಿ, ಪಕ್ಕದ ಮನೆಯೋರು ಹೆದರ್ತಾರೆ," ಎಂದಳು ಮೆಲ್ಲಗೆ. ಬದುಕಿದ್ದಾಳೆ! ನಾನು ಅಲ್ಲೇ ದೇವರಿಗೆ ಅಡ್ಡಬಿದ್ದೆ. ಎದ್ದು ನೋಡಿದರೆ ಅಡ್ಡಬಿದ್ದದ್ದು ಹಿಟ್ಟಿನ ಗಿರಣಿಯ ಕ್ಯಾಲೆಂಡರಿಗೆ. ಪಕ್ಕದ ಮನೆಯ ಷಣ್ಮುಖಪ್ಪನವರು ತಮ್ಮ ಓಮ್ನಿ ತೆಗೆದರು. ಹೊನ್ನಾಳಿ ಮುಟ್ಟುವವರೆಗೂ ನಾನು ಶಾಂತಲಾಳ ಕೈ ಹಿಡಿದಿದ್ದೆ. "ಬಿಗಿಯಾಗಿ ಹಿಡೀಬೇಡ್ರಿ, ಗೆಣ್ಣು ನೋಯ್ತಾವೆ," ಎಂದಳು. ಸಡಿಲ ಬಿಟ್ಟರೆ ಜಾರಿ ಹೋಗುತ್ತಾಳೆ ಎಂಬ ಭಯ. ಬಿಗಿ ಹಿಡಿದರೆ ಅವಳಿಗೆ ನೋವು. ಆ ದಾರಿ ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರವಾದ್ದರಿಂದ ಡಾಕ್ಟರಮ್ಮ ಬಂದಿದ್ದರು. ಶಾಂತಲಾಳನ್ನು ಒಳಗೆ ಮಲಗಿಸಿ ನರ್ಸು ಎದೆಗೆ ಇ.ಸಿ.ಜಿ. ವೈರುಗಳನ್ನು ಅಂಟಿಸಿದಳು. ನನ್ನನ್ನು ಪರದೆಯ ಈಚೆ ಬೆಂಚಿನ ಮೇಲೆ ಕೂರಿಸಿದರು. ಯಂತ್ರ ಕಿರ್ರೆನ್ನುತ್ತಾ ಕಾಗದ ಉಗುಳುವುದು ಕೇಳಿಸುತ್ತಿತ್ತು. ನನ್ನ ಬಾಯಿ ಹೊಲದ ಮಣ್ಣಿನಷ್ಟು ಒಣಗಿತ್ತು. ಕಾರಿಡಾರಿನಲ್ಲಿದ್ದ ನೀರಿನ ಡ್ರಮ್ಮಿಗೆ ಬಾಯಿ ಹಚ್ಚಿದವನು ಎಷ್ಟು ಕುಡಿದೆನೋ, ದೇವರೇ ಬಲ್ಲ. ಇವಳನ್ನು ಉಳಿಸಿಕೊಡಪ್ಪಾ, ನಾನು ಇನ್ನು ಇವಳ ಯಾವ ಮಾತಿಗೂ ಎದುರಾಡುವುದಿಲ್ಲ ಎಂದು ಬೇಡಿಕೊಂಡೆ. ಪರದೆಯ ಹಿಂದೆ ಡಾಕ್ಟರಮ್ಮನ ದನಿ ಕೇಳಿಸಿತು.

"ಸಂಧಿವಾತದ ಜೊತೆಗೆ ಬೇರೆ ಯಾವುದಾದ್ರೂ ದೀರ್ಘಕಾಲದ ತೊಂದರೆ ಇದೆಯಾ ಅಮ್ಮ?"

"ಐತ್ರಿ. ಮದುವೆ ಆದಾಗಿಂದ ಐತೆ. ಹೊರಗೆ ಬೆಂಚಿನ ಮೇಲೆ ಕುಂತೈತೆ."

ನರ್ಸು ಕಿಸಕ್ಕೆಂದಳು. ನಾನು ಕೋಪಿಸಿಕೊಳ್ಳಲಿಲ್ಲ, ಅವಳ ನಾಲಿಗೆ ಓಡುತ್ತಿದೆ ಎಂದರೆ ಜೀವ ಗಟ್ಟಿಯಿದೆ ಎಂದೇ ಅರ್ಥ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಪರದೆ ಸರಿಸಿದರು.

"ಮಾಸ್ತರೇ, ಇವರ ಹೃದಯ ಚೆನ್ನಾಗಿದೆ. ಏನೂ ಆಗಿಲ್ಲ."

ನಾನು ಅತ್ತುಬಿಟ್ಟೆ. ಸೀಟಿಗಾರ ಮಾಸ್ತರು, ಹೊನ್ನಾಳಿಯ ಅಷ್ಟೂ ರೋಗಿಗಳ ಎದುರು, ಸಣ್ಣ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆ ಎನಿಸಲೇ ಇಲ್ಲ.

"ಹಾಗಾದ್ರೆ ಎದೆ ಉರಿ? ತಲೆ ಸುತ್ತು? ಪ್ರತಿ ಸೋಮವಾರ?"

"ಅದೇ ನನಗೂ ಆಶ್ಚರ್ಯ. ಅಮ್ಮ, ಆ ಹಳದಿ ಮಾತ್ರೆ ಹೇಗೆ ತಗೋತೀರಿ?"

"ಸೋಮವಾರ ಪೂಜೆ ಮುಗಿದ ಮೇಲೆ ತೀರ್ಥದ ಜೊತೆ ತಗೋತೀನ್ರಿ. ಜಗಲಿ ಮೇಲೆ ವಿಭೂತಿ ಪಕ್ಕನೇ ಇರ್ತೈತೆ."

"ಒಂದು ಚಮಚ ತೀರ್ಥದ ಜೊತೆ! ಅದಕ್ಕೂ ಮುಂಚೆ ಏನು ತಿಂದಿರ್ತೀರಿ?"

"ಪೂಜೆ ಆಗದೆ ಏನು ತಿನ್ನಾಕಾಗ್ತೈತ್ರಿ?"

"ಆಮೇಲೆ?"

ಶಾಂತಲಾ ಸೆರಗಿನ ತುದಿ ಸರಿಮಾಡಿಕೊಂಡಳು. "ಸೋಮವಾರ ಉಪವಾಸ ಐತ್ರಿ. ಸಂಜೆ ಗುಡಿಗೆ ಹೋಗಿ ಬಂದ ಮೇಲೇ ಬಾಯಿಗೆ ನೀರು."

ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತರು. "ಅಲ್ಲಮ್ಮಾ, ಆ ಮಾತ್ರೆನೇ ಹೊಟ್ಟೆ ತೊಳೆಸೋ ಮಾತ್ರೆ. ಖಾಲಿ ಹೊಟ್ಟೇಲಿ ಅದನ್ನ ಹಾಕಿ, ಇಡೀ ದಿನ ಉಪವಾಸ ಇದ್ರೆ ಎದೆ ಉರೀದೆ ತಂಪಾಗುತ್ತಾ? ಸೋಮವಾರ ಅಂತ ಯಾರು ಗೊತ್ತು ಮಾಡಿದ್ದು?"

ಶಾಂತಲಾ ಬಾತ ಬೆರಳೊಂದನ್ನು ನನ್ನ ಕಡೆ ತೋರಿಸಿದಳು. ಕಾಯಿಲೆ ಬಂದ ಮೇಲೆ ಆ ಬೆರಳು ಅಷ್ಟು ನೇರವಾಗಿ ಚಾಚಿದ್ದನ್ನು ನಾನು ನೋಡಿರಲಿಲ್ಲ.

ನನಗೆ ಸಿಟ್ಟು ಬಂತು. "ಏನೇ ಇದು? ನೀನು ಯಾವತ್ತು ಸೋಮವಾರ ಉಪವಾಸ ಇದ್ದವಳು? ಪೂಜೆ ಮಾಡಿ ಎರಡು ರೊಟ್ಟಿ ಉಣ್ತಿದ್ದವಳು. ನನಗೆ ಒಂದು ಮಾತು ಹೇಳಲಿಲ್ಲ! ಯಾವ ಘನಂದಾರಿ ಹರಕೆ ಹೊತ್ತಿದ್ದೀ? ನಾನಿಲ್ಲಿ ಹೆದರಿ ಸಾಯ್ತಾ ಇದ್ದೀನಿ, ನೀನು..."

ಅಲ್ಲಿಗೆ ನನ್ನ ಭಾಷಣ ನಿಂತಿತು. ಗೋಡೆ ಒಂದು ಸುತ್ತು ತಿರುಗಿತು, ಬೆಂಚು ನನ್ನ ಕೆಳಗಿನಿಂದ ಜಾರಿತು. ಎಚ್ಚರವಾದಾಗ ಶಾಂತಲಾ ಮಲಗಿದ್ದ ಮಂಚದ ಮೇಲೆ ನಾನಿದ್ದೆ. ಶಾಂತಲಾ ಪಕ್ಕದಲ್ಲಿ ನಿಂತಿದ್ದಳು. ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆಯುತ್ತಿದ್ದಳು. ಬೆರಳ ತುದಿಗೆ ಸೂಜಿ ಚುಚ್ಚಿ ಸಣ್ಣ ಯಂತ್ರದಲ್ಲಿ ನೋಡಿದವಳು, ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಂದು ಬೆರಳಿಗೂ ಚುಚ್ಚಿದಳು. ಯಂತ್ರ ಸರಿಯಾಗಿಯೇ ಇತ್ತು.

"ಮಾಸ್ತರೇ," ಎಂದರು ಡಾಕ್ಟರಮ್ಮ. ಈ ಸಲ ನಗಲಿಲ್ಲ. "ನಿಮ್ಮ ಬಿ.ಪಿ. ತುಂಬಾ ಮೇಲಿದೆ. ಶುಗರ್ ಅದಕ್ಕಿಂತ ಮೇಲಿದೆ. ಎಷ್ಟು ದಿನದಿಂದ ಇದೆಯೋ ಏನೋ. ಬಾಯಾರಿಕೆ, ಪದೇ ಪದೇ ಮೂತ್ರ, ಮೈ ಇಳಿಯೋದು, ಇದೆಲ್ಲ ಗಮನಕ್ಕೆ ಬರಲಿಲ್ವಾ?"

"ಬಂದಿತ್ತು," ಎಂದೆ. "ಫಿಟ್ ಆಗ್ತಿದ್ದೀನಿ ಅಂದ್ಕೊಂಡಿದ್ದೆ."

ಸಂಧಿವಾತ ಅವಳ ಮೈಗೆ ಬಂದು ನೆಲೆಸಿದ್ದರೆ, ಅದರ ನೆಂಟರೆಂದು ನಾನು ಬಾಗಿಲು ಕಾಯುತ್ತಿದ್ದವರು ಹಿತ್ತಲ ಬಾಗಿಲಿನಿಂದ ಬಂದು ನನ್ನ ಮೈಯಲ್ಲೇ ಬಿಡಾರ ಹೂಡಿದ್ದರು. ಅವರಿಗೆ ದಿನಾ ಬ್ರೆಡ್ಡು, ಬಿಸ್ಕತ್ತು, ಮಿರ್ಚಿ ಕೊಟ್ಟು ಉಪಚಾರ ಮಾಡಿದವನೂ ನಾನೇ. ಆದರೆ ಅಷ್ಟಕ್ಕೇ ನನ್ನ ಮಾನ ಹೋಗಿ ಮುಗಿಯಲಿಲ್ಲ. ಡಾಕ್ಟರಮ್ಮ ಆಚೆ ಹೋದ ಮೇಲೆ ಶಾಂತಲಾ ಮಂಚದ ಅಂಚಿನಲ್ಲಿ ಕೂತಳು.

"ಯಾವ ಹರಕೆ ಅಂತ ಕೇಳಿದ್ರಲ್ಲ? ನಿಮ್ಮದೇ ಕಣ್ರೀ. ನಮ್ಮಪ್ಪಂಗೂ ಹಿಂಗೇ ಆಗಿತ್ತು. ಬಿಂದಿಗೆ ಬಿಂದಿಗೆ ನೀರು ಕುಡಿಯೋನು. ಮೈ ಇಳೀತು ಅಂತ ನಾವೆಲ್ಲ ಖುಷಿ ಪಟ್ವಿ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ತಡ ಆಗಿತ್ತು. ನಿಮಗೆ ಹೇಳಿದ್ರೆ ಪ್ಯಾಂಟು ತೋರಿಸ್ತೀರಿ. ಗಟ್ಟಿಯಾಗಿ ಹೇಳಾಕೂ ಭಯ, ಕೇಳಿದ್ರೆ ಹೆದರಿಕೆಗೇ ಎದೆ ಒಡ್ಕೊಂಡು ಹೋಗ್ತೀರಿ ಅಂತ. ಅವ್ವ ಬಂದಾಗ ನಿಮ್ಮನ್ನ ನೋಡಿ ಅದನ್ನೇ ಅಂದ್ಲು. ನಾನೇನು ಮಾಡ್ಲಿ? ನಿಮ್ಮ ಮೈ ಸರಿಹೋಗೋವರೆಗೂ ಸೋಮವಾರ ಬಾಯಿಗೆ ನೀರು ಹಾಕಲ್ಲ ಅಂತ ಶಿವಂಗೆ ಕೈ ಮುಗಿದೆ."

ಇಷ್ಟು ದಿನ ನಾನು ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಅವಳು ನನಗಾಗಿ ಉಪವಾಸ ಕೂತಿದ್ದಳು. ಅವಳನ್ನು ನೆಲಕ್ಕೆ ಕೆಡವಿದ್ದು ಸಂಧಿವಾತದ ನೆಂಟ ಯಾವನೂ ಅಲ್ಲ, ನನ್ನ ಮಿರ್ಚಿ. ಅವಳ ಕೈ ಹಿಡಿದೆ, ಈ ಸಲ ಸಡಿಲವಾಗಿ.

"ಆಯ್ತು ಮಾರಾಯ್ತಿ, ಇನ್ನು ನಾನು ಮಾತ್ರೆ ತಗೋತೀನಲ್ಲ. ಹರಕೆ ಬಿಟ್ಟುಬಿಡು."

"ಅದೆಂಗ್ರೀ ಆಗ್ತೈತೆ? ಸರಿಹೋಗೋವರೆಗೂ ಅಂತ ಹೊತ್ತಿದ್ದು. ಸರಿಹೋಗಿಲ್ಲ."

"ಖಾಲಿ ಹೊಟ್ಟೇಲಿ ಇರಬೇಡಿ ಅಂತ ಡಾಕ್ಟರಮ್ಮ ಹೇಳಲಿಲ್ವಾ?"

"ಮಾತ್ರೆ ದಿನ ಇರಬೇಡ ಅಂದ್ರು. ಅವರು ಮಾತ್ರೇನ ಗುರುವಾರಕ್ಕೆ ಹಾಕ್ಯಾರೆ, ಊಟ ಆದ ಮೇಲೆ ನುಂಗ್ತೀನಿ. ಸೋಮವಾರ ನಂದು, ನನ್ನ ಶಿವಂದು. ನಡುವೆ ನೀವು ಬರಬೇಡ್ರಿ."

ದಾರಿಯುದ್ದಕ್ಕೂ ವಾದಿಸಿದೆ. ಗದರಿಸಿದೆ, ಬೇಡಿಕೊಂಡೆ. ಷಣ್ಮುಖಪ್ಪನವರು ಗಾಡಿ ಓಡಿಸುತ್ತಾ "ಹೋಗ್ಲಿ ಬಿಡ್ರಿ ಮಾಸ್ತರೇ, ಸೋತ್ರಿ" ಎಂದರು.

ಈಗ ನೋಡಿ ನನ್ನ ಅವಸ್ಥೆ. ಶಾಂತಲಾಳ ಸಾರಿಗೆ ಉಪ್ಪು ಬಂದಿದೆ, ನನ್ನದರಿಂದ ಹೋಗಿದೆ. ಅವಳು ಟಿ.ವಿ. ನೋಡುತ್ತಾಳೆ, ನಾನು ಬೆಳಿಗ್ಗೆ ಮಕ್ಕಳಿಗಿಂತ ಮೊದಲು ಮೈದಾನದಲ್ಲಿ ಓಡುತ್ತೇನೆ. ಮಾಸ್ತರು ನಿವೃತ್ತಿಗೆ ಮುಂಚೆ ಚಿಗುರಿದ್ದಾರೆ ಎಂದು ಓಬಣ್ಣ ಹೇಳಿಕೊಂಡು ತಿರುಗುತ್ತಿದ್ದಾರೆ. ಚಿಗುರೂ ಇಲ್ಲ ಗಿಗುರೂ ಇಲ್ಲ, ಎಲ್ಲ ಹೆದರಿಕೆ. ಡಾಕ್ಟರಮ್ಮ ಆಮೇಲೆ ದಿನಾ ನುಂಗಲು ಬರೆದುಕೊಟ್ಟ ನೋವಿನ ಮಾತ್ರೆಯೂ ಖಾಲಿ ಹೊಟ್ಟೆಗೆ ಆಗದು ಎಂದು ಸೋಮವಾರ ಅವಳು ಅದನ್ನೂ ಬಿಡುತ್ತಾಳೆ. ಸಂಜೆ ಗುಡಿಗೆ ಹೊರಡುವಾಗ ಆರತಿ ತಟ್ಟೆಯನ್ನು ಎರಡೂ ಕೈಗಳ ನಡುವೆ ಒತ್ತಿಕೊಂಡು ಎತ್ತುತ್ತಾಳೆ. ಅದನ್ನು ನೋಡುವಾಗ ನನಗ್ಯಾಕೆ ಈ ಸಕ್ಕರೆ ಬಂತೋ ಎನಿಸುತ್ತದೆ.

ಇಷ್ಟಾದರೂ ಮನುಷ್ಯನ ನಾಲಿಗೆಗೆ ಬುದ್ಧಿ ಬರುತ್ತದೆಯೇ? ಮೊನ್ನೆ ಚನ್ನಗಿರಿಯಲ್ಲಿ ಅಕ್ಕನ ಮನೆಯ ಕಾರ್ಯಕ್ಕೆ ಒಬ್ಬನೇ ಹೋಗಿದ್ದೆ. ಅಕ್ಕ "ಒಂದು ತಿಂದ್ರೆ ಏನಾಗಲ್ಲ ಕಣೋ" ಎಂದು ಹೋಳಿಗೆ ಬಡಿಸಿದಳು, ಒಂದು ಎರಡಾಯಿತು. ಆ ವಾರ ಶುಗರ್ ಪರೀಕ್ಷೆ ಮಾಡಿಸಿದಾಗ ಹೋಳಿಗೆ ಸಾಕ್ಷಿ ನುಡಿಯಿತು. ಶಾಂತಲಾ ಬೈಯಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

ಮುಂದಿನ ಸೋಮವಾರ ಶಾಲೆಗೆ ರಜೆ. ಮಧ್ಯಾಹ್ನ ಅವಳು ನನಗೆ ತಟ್ಟೆ ಹಾಕಿದಳು. ರೊಟ್ಟಿ, ಮೂಲಂಗಿ ಪಲ್ಯ, ಮಜ್ಜಿಗೆ. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಆ ಕೈಯಲ್ಲಿ ಹೇಗೆ ತಟ್ಟಿದಳೋ ಕಾಣೆ. ಬಡಿಸಿ, ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಎದುರಿಗೇ ಕೂತಳು. ನಾನು ತುತ್ತು ಮುರಿದೆ. ಒಂದು ತಿಂದೆ, ಎರಡನೆಯದನ್ನು ಕೈಯಲ್ಲೇ ಹಿಡಿದು ಕೂತೆ.

"ಯಾಕ್ರೀ, ಉಪ್ಪಿಲ್ಲ ಅಂತಾನಾ?" ಎಂದು ಕೇಳಿದಳು.

"ಇಲ್ಲ, ಚೆನ್ನಾಗಿದೆ," ಎಂದೆ.

"ಹಂಗಾದ್ರೆ ಉಣ್ರಿ. ನೀವು ಬೇಗ ಸರಿಹೋದ್ರೆ ನಾನೂ ಸೋಮವಾರ ಒಂದು ರೊಟ್ಟಿ ಉಣ್ತೀನಿ."

ನಾನು ಕಣ್ಣು ಒರೆಸಿಕೊಂಡು ಮೂಲಂಗಿ ಪಲ್ಯ ಇನ್ನೊಂದಿಷ್ಟು ಹಾಕಿಸಿಕೊಂಡೆ. ನನಗೆ ಮೂಲಂಗಿ ಕಂಡರಾಗದು.